ಸಹಜ ಎಂದು ಬರೆದ ಸಾವು

ಫೆಬ್ರವರಿ 4, 2025, ಮಂಗಳವಾರ

ಬೆಳಿಗ್ಗೆ ಏಳಕ್ಕೆ ನರ್ಸಿಂಗ್ ಹೋಮಿನಿಂದ ಫೋನು. ಹದಿನಾಲ್ಕನೇ ರೂಮಿನ ವಿಶಾಲಾಕ್ಷಿ ಐದೂವರೆಗೆ ತೀರಿಕೊಂಡರಂತೆ. ಎಂಬತ್ತೆರಡು ವರ್ಷ, ಎರಡು ಸಲ ಪಾರ್ಶ್ವವಾಯು, ಜೊತೆಗೆ ಮರೆವಿನ ಕಾಯಿಲೆ. ಆಶ್ಚರ್ಯಪಡುವಂಥದ್ದೇನಿಲ್ಲ. ಹೆಂಡತಿ ಉಷಾ ಉಪ್ಪಿಟ್ಟು ತಂದಿಟ್ಟಳು. ತಿನ್ನುತ್ತಲೇ ಲ್ಯಾಪ್‌ಟಾಪ್ ತೆರೆದು ಡೆತ್ ಸರ್ಟಿಫಿಕೇಟ್ ತುಂಬಿದೆ.

'ಹೃದಯ ನಿಂತಿತು' ಎಂದು ಬರೆದರೆ ರಾಜ್ಯ ಸರ್ಕಾರದ ಆ ದರಿದ್ರ ವೆಬ್‌ಸೈಟು ಒಪ್ಪುವುದಿಲ್ಲ. ಅದು ಕಾರಣವಲ್ಲ, ಕಾರಣ ಬರೆಯಿರಿ ಎಂದು ಕೆಂಪಕ್ಷರದಲ್ಲಿ ಪಾಠ ಹೇಳುತ್ತದೆ. ಮೂವತ್ತೆಂಟು ವರ್ಷ ವೈದ್ಯನಾಗಿರುವ ನನಗೆ! ಅದಕ್ಕೆಂದೇ ನನ್ನದೊಂದು ಸಿದ್ಧ ಸಾಲಿದೆ: ರಕ್ತನಾಳಗಳು ಗಡುಸಾಗಿ ಬಂದ ಹೃದ್ರೋಗ. ಎಂಬತ್ತು ದಾಟಿದ ಯಾರ ವಿಷಯದಲ್ಲೂ ಅದು ಸುಳ್ಳಾಗದು. ಸಾವಿನ ಬಗೆ ಎಂಬಲ್ಲಿ 'ಸಹಜ'. ಸಹಿ. ನಾಲ್ಕು ನಿಮಿಷ.

ಆ ಜಾಗವೆಂದರೆ ನನಗೆ ಹೇಸಿಗೆ. ಬುಧವಾರ ಬುಧವಾರ ಹೋಗಿ ಒಂದೂವರೆ ಗಂಟೆಯಲ್ಲಿ ಇಪ್ಪತ್ಮೂರು ಜನರನ್ನು ನೋಡಿ ಬರಬೇಕು. ಬಾಗಿಲು ತೆರೆದರೆ ಉಚ್ಚೆ, ಫಿನಾಯಿಲು, ಬೇಯಿಸಿದ ಕೋಸು ಎಲ್ಲ ಸೇರಿದ ನಾತ. ಮನೆಗೆ ಬಂದ ಮೇಲೂ ಕೋಟಿನಲ್ಲಿ ಇರುತ್ತದೆ. ಮಾಲೀಕ ಸುಬ್ಬು ಮೈಸೂರಿನ ಮೆಡಿಕಲ್ ಕಾಲೇಜಿನಲ್ಲಿ ನನ್ನ ಬೆಂಚಿನವನು. ಅವನ ಮಾತಿಗೆ ಕಟ್ಟುಬಿದ್ದು ಎಂಟು ವರ್ಷದ ಕೆಳಗೆ ಒಪ್ಪಿಕೊಂಡದ್ದು ಇನ್ನೂ ಬಿಟ್ಟಿಲ್ಲ.

ವಿಶಾಲಾಕ್ಷಿಯವರಿಗೆ ಎರಡನೇ ಸಲ ಪಾರ್ಶ್ವವಾಯು ಹೊಡೆದಾಗ ನಲವತ್ತೈದು ವರ್ಷ ಈ ಪರದೇಶದಲ್ಲಿ ಆಡಿದ ಇಂಗ್ಲಿಷು ಅಷ್ಟೂ ಅಳಿಸಿಹೋಗಿ ಬರೀ ಕನ್ನಡ ಉಳಿದಿತ್ತು. ಸುಬ್ಬು ಆಫೀಸು ಬಿಟ್ಟು ಏಳುವವನಲ್ಲ; ರೂಮಿಗೆ ಹೋಗುವವರಲ್ಲಿ ಅವರ ಮಾತು ಅರ್ಥವಾಗುತ್ತಿದ್ದದ್ದು ನನಗೊಬ್ಬನಿಗೇ. ಹಾಗಾಗಿ ನನ್ನನ್ನು ಕಂಡರೆ ಬಿಡುತ್ತಿರಲಿಲ್ಲ.

ಫೆಬ್ರವರಿ 6, ಗುರುವಾರ

ಸುಬ್ಬು ಫೋನ್ ಮಾಡಿದ. "ಕಿಟ್ಟಿ, ಒಂದು ತಲೆನೋವು ಬಂದಿದೆ ಕಣೋ. ವಿಶಾಲಾಕ್ಷಿ ಬಾಡೀನ ಮೆಡಿಕಲ್ ಎಕ್ಸಾಮಿನರ್ ಆಫೀಸಿನವರು ಎತ್ತಿಕೊಂಡು ಹೋಗಿದಾರೆ."

ಅನುಮಾನದ ಸಾವಾದರೆ ಹೆಣ ಕೊಯ್ದು ನೋಡುವ ಸರ್ಕಾರಿ ಕಚೇರಿ ಅದು. ಎಂಬತ್ತೆರಡರ ಮುದುಕಿಯಲ್ಲಿ ಅನುಮಾನವೇನು ಎಂದು ಕೇಳಿದೆ.

ನಡೆದದ್ದು ಇಷ್ಟು. ಇವತ್ತು ದಹನವಾಗಬೇಕಿತ್ತು. ನಿನ್ನೆ ಸಂಜೆ ಮಗಳು ರೇಣು, ಹೆಣವನ್ನು ದಹನಕ್ಕೆ ಸಿದ್ಧಪಡಿಸುವ ಫ್ಯೂನರಲ್ ಹೋಮಿಗೆ ಹೋಗಿ, ಗುರುತಿನ ಇಬ್ಬರು ಹೆಂಗಸರನ್ನು ಸೇರಿಸಿಕೊಂಡು ತಾಯಿಗೆ ಸೀರೆ ಉಡಿಸಲು ನಿಂತಿದ್ದಾಳೆ. ನೆರಿಗೆ ಸಿಕ್ಕಿಸಲೆಂದು ಮಗ್ಗುಲಾಗಿಸಿದಾಗ ಸೊಂಟದ ಕೆಳಗೆ ಏನೋ ಕಂಡಿದೆ. ಅವಳು ಕಿರುಚಿಕೊಂಡಳಂತೆ. ಫ್ಯೂನರಲ್ ಹೋಮಿನವನು ಬಂದು ನೋಡಿ, ತಾನು ಮುಂದುವರಿಯಲಾರೆ ಎಂದು ಆ ಕಚೇರಿಗೆ ಫೋನು ಮಾಡಿದ.

"ಬೆಡ್ ಸೋರ್ ಅಷ್ಟೇ. ವಯಸ್ಸಾದೋರಿಗೆ ಆಗತ್ತೆ," ಅಂದ ಸುಬ್ಬು.

ಮಲಗಿದಲ್ಲೇ ಮಲಗಿದರೆ ಹುಣ್ಣಾಗುತ್ತದೆ, ನಿಜವೇ. ಈ ರೇಣು ಇಲ್ಲೇ ಹತ್ತಿರದ ಫೋರ್ಟ್ ಲೀ ಊರಿನಲ್ಲಿದ್ದಾಳೆ. ಭಾನುವಾರ ಒಂದು ಗಂಟೆ ಬಂದು, ಹೂವಿಟ್ಟು, ಟ್ರಾಫಿಕ್ ಆಗತ್ತೆ ಅಂತ ಹೊರಡುವವಳು. ಸತ್ತ ಮೇಲೆ ಹುಟ್ಟುವ ಈ ಪ್ರೀತಿ ಕಂಡರೆ ನನಗೆ ವಾಕರಿಕೆ.

ಫೆಬ್ರವರಿ 7, ಶುಕ್ರವಾರ

ಆ ಕಚೇರಿಯ ತನಿಖೆಗಾರ ಕವಾಲ್ಸ್ಕಿ ಎಂಬುವನು ಕ್ಲಿನಿಕ್ಕಿಗೇ ಬಂದ. ಹಿಂದೆ ಪೊಲೀಸಿನಲ್ಲಿದ್ದವನಂತೆ, ಐವತ್ತರ ಆಸುಪಾಸು, ಮೆಲುದನಿ. ಇಪ್ಪತ್ತು ನಿಮಿಷ ಸಾಕು ಅಂದ.

"ಸರ್ಟಿಫಿಕೇಟಿಗೆ ಸಹಿ ಹಾಕುವ ಮುಂಚೆ ದೇಹ ನೋಡಿದಿರಾ?"

ಇಲ್ಲ. ಸಾವು ಖಚಿತಪಡಿಸಿದ್ದು ನರ್ಸು, ಕಾನೂನು ಅದಕ್ಕೆ ಒಪ್ಪುತ್ತದೆ ಅಂದೆ.

"ಒಪ್ಪುತ್ತದೆ," ಅಂದ. "ಅವರ ಬೆನ್ನು ಕೊನೆಯ ಸಲ ನೋಡಿದ್ದು ಯಾವಾಗ?"

ಚಾರ್ಟ್ ನೋಡಿ ಹೇಳಬೇಕು ಅಂದೆ. ಅವನು ಕವರಿನಿಂದ ಮೂರು ಫೋಟೋ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟ.

ಬರೆಯುತ್ತೇನೆ, ಇಲ್ಲಿಯಾದರೂ. ಬೆನ್ನ ಬುಡದಲ್ಲಿ ಅಂಗೈ ಹೋಗುವಷ್ಟು ಅಗಲದ ಹೊಂಡ. ಅಂಚು ಕಪ್ಪು, ಒಳಗೆ ಹಳದಿ ಹಸಿರು, ನಡುವೆ ಬೆಳ್ಳಗೆ ಮೂಳೆ. ಗಾಯಕ್ಕೆ ಕಟ್ಟಿದ್ದ ಬಟ್ಟೆಯೊಂದು ಮಾಂಸದಲ್ಲೇ ಹೂತುಹೋಗಿತ್ತು. ಅದರ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದಿದ್ದ, ಕಟ್ಟು ಹಾಕಿದ ತಾರೀಖು ಜನವರಿ ಒಂಬತ್ತು.

"ನಂಜು ರಕ್ತಕ್ಕೆ ಏರಿದೆ. ಹೃದಯ ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗಿತ್ತು ಅಂತ ನಮ್ಮ ಡಾಕ್ಟರು ಹೇಳುತ್ತಾರೆ," ಅಂದ ಕವಾಲ್ಸ್ಕಿ.

ಅವನು ಹೋದ ಮೇಲೆ ಬಾತ್‌ರೂಮಿನಲ್ಲಿ ವಾಂತಿ ಮಾಡಿದೆ. ಹೊರಗೆ ಆರು ಜನ ಕಾಯುತ್ತಿದ್ದರು.

ಫೆಬ್ರವರಿ 8, ಶನಿವಾರ

ಹದಿನಾಲ್ಕನೇ ರೂಮಿನಲ್ಲಿ ನಾತ ಇತ್ತು. ಡಯಾಪರಿನದು ಅಂದುಕೊಂಡಿದ್ದೆ. ಬಾಗಿಲಲ್ಲೇ ನಿಂತು ಮಾತಾಡಿಸುತ್ತಿದ್ದೆ.

ಫೆಬ್ರವರಿ 10, ಸೋಮವಾರ

ಕವಾಲ್ಸ್ಕಿ ಕೆಲಸದವರನ್ನೆಲ್ಲ ವಿಚಾರಿಸುತ್ತಿದ್ದಾನೆ, ನೀನು ಬಂದು ಕೂತಿರು ಎಂದು ಸುಬ್ಬು ಕರೆದ. ಹೋದೆ.

ವಿಶಾಲಾಕ್ಷಿಯವರನ್ನು ನೋಡಿಕೊಳ್ಳುತ್ತಿದ್ದ ಆಯಾ ಮಿರ್ಲಾಂಡ್, ಹೈಟಿಯವಳು. ರಾತ್ರಿ ಪಾಳಿಯಲ್ಲಿ ಮೂವತ್ತೆರಡು ಹಾಸಿಗೆಗೆ ತಾನೂ ಇನ್ನೊಬ್ಬಳೂ ಇಬ್ಬರೇ ಅಂದಳು. ಒಬ್ಬಳೇ ಎತ್ತಿ ತಿರುಗಿಸಲು ಆಗುತ್ತಿರಲಿಲ್ಲ, ಗಾಯದ ವಿಷಯ ನರ್ಸಿಗೆ ಎರಡು ಸಲ ಹೇಳಿದೆ ಅಂದಳು. ಆಮೇಲೆ ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿದಳು.

"ಡಾಕ್ಟರ್, ನಿಮಗೆ ಅವರ ಭಾಷೆ ಬರುತ್ತಲ್ಲ. ಕೊನೆಯ ತಿಂಗಳು ಅವರು ಯಾವಾಗಲೂ ಒಂದೇ ಮಾತು ಹೇಳುತ್ತಿದ್ದರು. ಉರಿ, ಉರಿ ಅಂತ. ಏನು ಹಾಗೆಂದರೆ?"

ಕವಾಲ್ಸ್ಕಿ ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ.

"ಯಾರದೋ ಹೆಸರಿರಬೇಕು," ಅಂದೆ.

ಅವನು ಬರೆದುಕೊಂಡ. ಮೇಜಿನ ಈಚೆಯಿಂದಲೇ ಕಾಣುತ್ತಿತ್ತು. ರಷ್ಯದವರ ಹೆಸರು ಬರೆಯುವ ಹಾಗೆ 'ಯೂರಿ' ಅಂತ ಬರೆದ. ಮಿರ್ಲಾಂಡ್ ತಲೆಯಾಡಿಸಿ, "ಪಾಪ, ಕೊನೆಗೂ ಅವನು ಬರಲೇ ಇಲ್ಲ," ಅಂದಳು.

ಯಾಕೆ ಹಾಗಂದೆ? ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಬಂತು.

ಫೆಬ್ರವರಿ 13, ಗುರುವಾರ

ಸುಬ್ಬು ತನ್ನ ಆಫೀಸಿಗೆ ಕರೆಸಿ ಫೈಲು ಮುಂದಿಟ್ಟ. ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಿದ್ದಕ್ಕೆ ಗುರುತು ಹಾಕುವ ಹಾಳೆಗಳು. ಜನವರಿಯ ಮೂವತ್ತೊಂದು ದಿನವೂ ಹನ್ನೆರಡು ಹನ್ನೆರಡು ಸಹಿ. ಒಂದೇ ಪೆನ್ನು, ಒಂದೇ ಓಟ. ಹಾಳೆ ತಿರುಗಿಸಿದೆ. ಫೆಬ್ರವರಿ ನಾಲ್ಕು, ಐದು, ಆರು. ಸತ್ತು ಎರಡು ದಿನವಾದ ಹೆಂಗಸನ್ನು ಇವರು ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸಿದ್ದಾರೆ.

"ಆ ಪೇಜ್ ತೆಗಿಸ್ತೀನಿ," ಅಂದ ಸುಬ್ಬು, ನಾಚಿಕೆ ಕೂಡ ಇಲ್ಲದೆ.

ಮೈ ಉರಿದುಹೋಯಿತು. ನನ್ನ ಕೈಯಲ್ಲಿ ಏನನ್ನೂ ಸುಳ್ಳು ಬರೆಸಬೇಡ ಅಂದೆ.

"ನೀನು ಏನೂ ಬರೀಬೇಕಾಗಿಲ್ಲ ಕಣೋ. ಆಗಲೇ ಬರೆದಿದೀಯ." ಕಂಪ್ಯೂಟರು ನನ್ನ ಕಡೆ ತಿರುಗಿಸಿದ. ನನ್ನ ಪ್ರತಿ ಬುಧವಾರದ ಟಿಪ್ಪಣಿ. ಚರ್ಮ ಸರಿಯಿದೆ, ಗಾಯಗಳಿಲ್ಲ. ಹಿಂದಿನ ವಾರದ್ದನ್ನು ಕಾಪಿ ಮಾಡಿ ತಾರೀಖು ಬದಲಿಸಿದರೆ ಸಾಕು, ಹಾಗೇ ಮಾಡುತ್ತ ಬಂದಿದ್ದೇನೆ. ಇಪ್ಪತ್ತಾರು ವಾರ. ಜನವರಿ ಇಪ್ಪತ್ತೊಂಬತ್ತರಂದೂ ಚರ್ಮ ಸರಿಯಿದೆ.

"ಚಾರ್ಟ್ ಚೆನ್ನಾಗಿದೆ," ಅಂದ. "ನೀನು ನಿನ್ನ ನೋಟ್ಸ್‌ನಲ್ಲಿ ಇರೋದನ್ನ ಹೇಳು, ಸಾಕು. ಅವರ ರೂಮಿಗೆ ಹೋಗೋರಲ್ಲಿ ಕನ್ನಡ ಬರೋನು ನೀನೊಬ್ಬನೇ. ಅವರು ನಿನ್ನ ಹತ್ರ ಏನಂದ್ರು ಅನ್ನೋದು ನಿನಗೂ ಅವರಿಗೂ ಮಾತ್ರ ಗೊತ್ತು. ಅವರಂತೂ ಹೋದರು."

ಸಮೋಸ ತರಿಸಿದ್ದ. ಎಣ್ಣೆ ಬೆರಳಿಗೆ ಮೆತ್ತಿಕೊಂಡು ತಿನ್ನುತ್ತಿದ್ದ ಅವನ ಬಾಯಿ ನೋಡಲಾಗದೆ ಎದ್ದು ಬಂದೆ.

ಫೆಬ್ರವರಿ 19, ಬುಧವಾರ

ಇವತ್ತು ನರ್ಸಿಂಗ್ ಹೋಮಿಗೆ ಹೋಗಲಿಲ್ಲ. ಜ್ವರ ಎಂದೆ.

ಮಧ್ಯಾಹ್ನ ರೇಣು ಫೋನ್ ಮಾಡಿದಳು. ಕೂಗಾಡುತ್ತಾಳೆ, ಲಾಯರಿನ ಹೆಸರು ಹೇಳುತ್ತಾಳೆ ಎಂದುಕೊಂಡೇ ಎತ್ತಿದೆ. ಅವಳು ಇಲ್ಲೇ ಹುಟ್ಟಿದವಳು, ಮಾತೆಲ್ಲ ಇಂಗ್ಲಿಷಿನಲ್ಲಿ.

"ಅಂಕಲ್, ಒಂದು ಪರ್ಸನಲ್ ವಿಷಯ. ಯೂರಿ ಅಂದ್ರೆ ಯಾರು?"

ಯಾರು ಹೇಳಿದರು ನಿನಗೆ ಅಂದೆ.

"ಅಮ್ಮ ಕೊನೇಲಿ ಯೂರಿ ಅನ್ನೋರನ್ನ ಕರೀತಿದ್ರು ಅಂತ ಇನ್ವೆಸ್ಟಿಗೇಟರ್ ಹೇಳಿದ್ರು. ನಮ್ಮ ಫ್ಯಾಮಿಲಿಯಲ್ಲಿ ಯಾರೂ ಇಲ್ಲ. ಅಮ್ಮ ಹ್ಯಾರಿಸನ್‌ನಲ್ಲಿ ಲೈಬ್ರರಿಯಲ್ಲಿ ಕೆಲಸಕ್ಕೆ ಇದ್ದಾಗಿನ ಫ್ರೆಂಡ್ಸ್‌ನೆಲ್ಲ ಕೇಳಿದೆ. ಅಪ್ಪ ಹೋಗಿ ಒಂಬತ್ತು ವರ್ಷ ಆಯ್ತು. ಅವರ ಲೈಫಲ್ಲಿ ಯಾರಾದ್ರೂ ಇದ್ದಿದ್ರೆ ನಂಗೇನೂ ಬೇಜಾರಿಲ್ಲ, ಅಂಕಲ್. ನಿಮ್ಮ ಹತ್ರ ಏನಾದ್ರೂ ಹೇಳಿದ್ರಾ?"

ಇಲ್ಲಮ್ಮ, ನನಗೆ ಗೊತ್ತಿಲ್ಲ ಅಂದೆ.

"ಸರಿ," ಅಂದಳು. ಫೋನಿಡುವ ಮುಂಚೆ, "ಕರೆಯೋಕೆ ಅವರಿಗೆ ಒಬ್ಬರಾದ್ರೂ ಇದ್ರಲ್ಲ. ಅದೊಂದು ಸಮಾಧಾನ," ಅಂದಳು.

ಫೆಬ್ರವರಿ 20, ಗುರುವಾರ

ಊಟ ಸೇರಲಿಲ್ಲ. ಕನ್ನಡಿಯಲ್ಲಿ ಮುಖ ನೋಡಿ ಕ್ಷೌರ ಮಾಡಿಕೊಳ್ಳಲು ಅಸಹ್ಯವಾಗಿ ಹಾಗೇ ಕ್ಲಿನಿಕ್ಕಿಗೆ ಹೋದೆ.

ಫೆಬ್ರವರಿ 24, ಸೋಮವಾರ

ಕವಾಲ್ಸ್ಕಿಯ ಕಚೇರಿಗೆ ಹೋದೆ. ಹೇಳಿ ಕಳಿಸಿರಲಿಲ್ಲ, ನಾನೇ ಹೋದೆ. ಉಷಾಗೆ ಹಲ್ಲಿನ ಡಾಕ್ಟರ ಹತ್ತಿರ ಅಂದಿದ್ದೆ.

ಅವನಿಗೆ ಹೇಳಿದೆ: ಉರಿ ಹೆಸರಲ್ಲ. ಉರಿ ಅಂದರೆ ಬೆಂಕಿ ಮುಟ್ಟಿದ ಹಾಗೆ ಆಗುವ ನೋವು.

ಅವನು ಬೇರೆ ಹಾಳೆ ತೆಗೆದುಕೊಂಡ. "ನಿಮ್ಮ ಹತ್ತಿರವೂ ಹೇಳಿದ್ದರೇ?"

ಹೇಳಿದ್ದರು. ಡಿಸೆಂಬರಿನಲ್ಲಿ ಮೊದಲ ಸಲ. "ಡಾಕ್ಟ್ರೇ, ಬೆನ್ನು ಉರಿಯತ್ತೆ, ಸ್ವಲ್ಪ ನೋಡಿ." ನಾನು ಬಾಗಿಲಲ್ಲಿ ನಿಂತು ಮಾತ್ರೆ ಬರೆದೆ. ಜನವರಿಯಲ್ಲಿ ಎರಡು ಸಲವೋ ಮೂರು ಸಲವೋ. ಕೊನೆಯ ಬುಧವಾರ ಚಾರ್ಟ್ ತೆಗೆದುಕೊಳ್ಳಲು ಹಾಸಿಗೆಯ ಹತ್ತಿರ ಹೋದಾಗ ನನ್ನ ಕೋಟಿನ ತೋಳು ಹಿಡಿದುಕೊಂಡರು. ಬೆರಳಲ್ಲಿ ಏನೋ ಅಂಟಿತ್ತು. ನಾನು ತೋಳು ಬಿಡಿಸಿಕೊಂಡು, ನೋಡೋಣಮ್ಮ, ಮುಂದಿನ ವಾರ ನೋಡೋಣ ಅಂದೆ. ಆಚೆ ಬಂದು ಕೈ ತೊಳೆದುಕೊಂಡೆ. ಸೋಪು ಹಾಕಿ ಎರಡು ಸಲ.

ಎಲ್ಲ ಬರೆದುಕೊಂಡ. ಓದಿಸಿ ಸಹಿ ಹಾಕಿಸಿಕೊಂಡ. ನನ್ನ ಸರ್ಟಿಫಿಕೇಟು ರದ್ದಾಗಿ ಅವರ ಡಾಕ್ಟರ ಹೆಸರಿನಲ್ಲಿ ಹೊಸದು ಬರುತ್ತದಂತೆ. ವೈದ್ಯರ ಲೈಸೆನ್ಸ್ ಮಂಡಳಿಗೂ ಈ ಹೇಳಿಕೆ ಹೋಗುತ್ತದೆ.

"ಮಗಳಿಗೆ ನೀವು ಹೇಳುತ್ತೀರಾ, ನಾನು ಹೇಳಲೇ?" ಅಂದ.

ನೀವೇ ಹೇಳಿ ಅಂದೆ.

ಫೆಬ್ರವರಿ 27, ಗುರುವಾರ

ಮೂರು ದಿನದಿಂದ ನಿದ್ದೆ ಚೆನ್ನಾಗಿ ಬರುತ್ತಿದೆ. ಉಷಾ ಹುಳಿ ಮಾಡಿದ್ದಳು, ಎರಡು ಸಲ ಹಾಕಿಸಿಕೊಂಡೆ. ಹೇಳಬೇಕಾದದ್ದು ಹೇಳಿಯಾಯಿತು. ಮಂಡಳಿ ಏನು ಮಾಡುತ್ತದೋ ಮಾಡಲಿ. ಅರವತ್ಮೂರಾಯಿತು, ಹೆಚ್ಚೆಂದರೆ ಮನೆಯಲ್ಲಿ ಕೂರುತ್ತೇನೆ. ನಿನ್ನೆ ಬುಧವಾರ ಎಂದಿನಂತೆ ಸುತ್ತು ಮುಗಿಸಿ ಬಂದೆ.

ಮಾರ್ಚ್ 14, ಶುಕ್ರವಾರ

ರೇಣು ಕ್ಲಿನಿಕ್ಕಿಗೆ ಬಂದಿದ್ದಳು. ಕೊನೆಯ ಪೇಷಂಟ್ ಹೋಗುವವರೆಗೂ ಹೊರಗೆ ಕೂತಿದ್ದಳಂತೆ. ಒಳಗೆ ಬಂದು, ಕುರ್ಚಿಯಲ್ಲಿ ಕೂರದೆ, ಹೊಸ ಸರ್ಟಿಫಿಕೇಟು ಮೇಜಿನ ಮೇಲಿಟ್ಟಳು.

ಕಾರಣ: ಒತ್ತಡದ ಹುಣ್ಣಿನಿಂದ ರಕ್ತಕ್ಕೆ ಏರಿದ ನಂಜು. ಸಾವಿನ ಬಗೆ: ನಿರ್ಧರಿಸಲಾಗಿಲ್ಲ.

"ಸಹಜ ಅಲ್ಲವಂತೆ. ಅಪಘಾತವೂ ಅಲ್ಲ, ಕೊಲೆಯೂ ಅಲ್ಲ. ಆ ಫಾರಂನಲ್ಲಿ ಇದಕ್ಕೆ ಬಾಕ್ಸ್ ಇಲ್ಲ ಅಂದ್ರು," ಎಂದಳು. ಆಮೇಲೆ, "ನೀವು ಹೇಳಿ. ಕವಾಲ್ಸ್ಕಿ ಹೇಳಿದ್ದು ಬೇಡ. ನಿಮ್ಮ ಬಾಯಿಂದ ಕೇಳಬೇಕು."

ಹೇಳಿದೆ. ಡಿಸೆಂಬರಿನಿಂದ ಶುರುಮಾಡಿ ಕೈ ತೊಳೆದುಕೊಂಡದ್ದರವರೆಗೆ. ಅವಳು ಅಳಲಿಲ್ಲ. ಗೋಡೆಯ ಮೇಲಿನ ನನ್ನ ಡಿಗ್ರಿಗಳನ್ನು ನೋಡುತ್ತ ಕೇಳಿದಳು.

"ನಾನೂ ಭಾನುವಾರ ಬರ್ತಿದ್ದೆ," ಅಂದಳು. "ನಂಗೂ ಆ ಸ್ಮೆಲ್ ಬರ್ತಿತ್ತು. ಅಮ್ಮ ನನ್ನ ಹತ್ರಾನೂ ಅದೇ ಹೇಳಿರ್ತಾರೆ. ನಂಗೆ ಆ ಪದ ಗೊತ್ತಿರ್ಲಿಲ್ಲ. ನಿಮಗೆ ಗೊತ್ತಿತ್ತು."

ಹೌದು ಅಂದೆ.

"ಹೇಳಿಬಿಟ್ಟೆ, ಮುಗೀತು ಅಂತ ಅನ್ನಿಸ್ತಿದೆಯಾ ನಿಮಗೆ?"

ಆವತ್ತು ನಾನು ಎರಡು ಸಲ ಹಾಕಿಸಿಕೊಂಡು ತಿಂದ ಹುಳಿ ಕೂಡ ಅವಳಿಗೆ ಕಾಣುತ್ತಿದೆ ಅನ್ನಿಸಿತು.

"ಅಲ್ಲಿ ಇನ್ನೆಷ್ಟು ಜನ ಇದಾರೆ, ಅಂಕಲ್? ನಿಮ್ಮ ಪೇಷಂಟ್ಸ್?"

ಇಪ್ಪತ್ತೆರಡು ಅಂದೆ. ಅವಳು ಕಾಗದ ಮಡಿಸಿಕೊಂಡು ಹೋದಳು.

ಮಾರ್ಚ್ 17, ಸೋಮವಾರ

ಬೆಳಿಗ್ಗೆ ಎಂಟಕ್ಕೆ ನರ್ಸಿಂಗ್ ಹೋಮಿಗೆ ಹೋದೆ. ಮಿರ್ಲಾಂಡ್ ಪಾಳಿ ಮುಗಿಸಿ ಹೊರಡುತ್ತಿದ್ದಳು. ಇಪ್ಪತ್ತೆರಡು ಜನರ ಬೆನ್ನೂ ಹಿಮ್ಮಡಿಯೂ ನೋಡಬೇಕು, ಒಬ್ಬನ ಕೈಯಲ್ಲಿ ಆಗದು ಅಂದೆ. ನನ್ನನ್ನು ಒಂದು ಸಲ ಮೇಲಿನಿಂದ ಕೆಳಗೆ ನೋಡಿ, ಕೋಟು ಬಿಚ್ಚಿಟ್ಟು ಕೈಗವಸು ಹಾಕಿಕೊಂಡಳು.

ಒಂದನೇ ರೂಮಿನಿಂದ ಶುರುಮಾಡಿದೆವು. ಅವಳು ಭುಜ, ನಾನು ಸೊಂಟ. ಒಬ್ಬೊಬ್ಬರದೂ ಒಂದೊಂದು ನಾತ. ಮೂರನೇ ರೂಮಿನಿಂದ ಹೊರಗೆ ಓಡಿದೆ. ಬಕೆಟ್ಟಿಗೆ ಉಗಿದು ಮತ್ತೆ ಬಂದೆ. ಐದನೇ ರೂಮಿನ ಮುದುಕ ನಿವೃತ್ತ ಬಸ್ ಡ್ರೈವರು. "ಯಾರು ನೀನು?" ಅಂದ. ನಿಮ್ಮ ಡಾಕ್ಟರು ಅಂದೆ. ನನಗೆ ಡಾಕ್ಟರೇ ಇಲ್ಲ ಅಂದ. ಅವನ ಹಿಮ್ಮಡಿ ಒತ್ತಿದರೆ ಬೆರಳು ಒಳಗೆ ಹೋಯಿತು. ಒಂಬತ್ತನೇ ರೂಮಿನ ಹೆಂಗಸಿಗೆ ಬೆನ್ನಿನ ಬುಡದಲ್ಲಿ ನಾಲ್ಕು ಬೆರಳಗಲದ ಗಾಯ, ಒಳಗೆ ಸುರಂಗದ ಹಾಗೆ ಕೊರೆದಿತ್ತು. ತೊಳೆದು ಕಟ್ಟು ಹಾಕುವುದಕ್ಕೆ ನಲವತ್ತು ನಿಮಿಷ ಹಿಡಿಯಿತು. ಆಕೆ ಅಷ್ಟು ಹೊತ್ತೂ ಮಿರ್ಲಾಂಡಳ ಕೈ ಗಟ್ಟಿಯಾಗಿ ಹಿಡಿದಿದ್ದರು. ಹದಿನೇಳನೇ ರೂಮಿನಲ್ಲೂ ಹಿಮ್ಮಡಿಯ ಗಾಯವೊಂದು.

ಹನ್ನೊಂದೂವರೆಗೆ ಸುಬ್ಬು ಬಂದ. ಹೊಸ ಸರ್ಟಿಫಿಕೇಟಿನ ವಿಷಯ, ನನ್ನ ಹೇಳಿಕೆಯ ವಿಷಯ ಎರಡೂ ಅಷ್ಟರಲ್ಲಿ ಅವನಿಗೆ ತಿಳಿದಿತ್ತು.

"ಏನ್ ನಾಟಕ ಇದು ಕಿಟ್ಟಿ? ಮುಖಕ್ಕೆ ಮಸಿ ಬಳಿದಿದ್ದು ಸಾಲ್ದಾ? ಇವತ್ತಿಂದ ನೀನು ಇಲ್ಲಿ ಡಾಕ್ಟರ್ ಅಲ್ಲ. ಆಚೆ ನಡಿ."

"ಇನ್ನು ನಾಲ್ಕು ಜನ ಉಳಿದಿದಾರೆ ಸುಬ್ಬು. ಅರ್ಧ ಗಂಟೆ."

"ಹೋಗ್ತೀಯೋ, ಪೊಲೀಸ್ ಕರೀಲೋ?"

ನಲವತ್ತೈದು ವರ್ಷದ ಸ್ನೇಹ. ಕೈಗವಸು ಬಿಚ್ಚಿ ಡಬ್ಬಕ್ಕೆ ಹಾಕಿ ಬಂದೆ. ಕಾರಿನಲ್ಲಿ ಕೂತಾಗ ಅಂಗಿಯ ತೋಳೆಲ್ಲ ಕೀವು. ಹಾಗೇ ಮನೆಗೆ ಬಂದೆ. ಉಷಾ ಮೂಗು ಮುಚ್ಚಿಕೊಂಡು, "ಏನ್ರೀ ಇದು?" ಅಂದಳು. ಅಡುಗೆಮನೆಯಲ್ಲಿ ನಿಂತೇ ಎಲ್ಲವನ್ನೂ ಹೇಳಿದೆ. ಅವಳಿಗೆ ಇಷ್ಟು ದಿನ ಹೇಳಿರಲಿಲ್ಲ. ಒಲೆ ಆರಿಸಿ ಕೇಳಿಸಿಕೊಂಡಳು. ಕೊನೆಗೆ, "ಆ ಹುಡುಗಿ ಮುಖ ನೋಡಿ ಹೇಗೆ ಸುಳ್ಳು ಹೇಳಿದ್ರಿ?" ಅಂದಳು. ಈಗ ಒಬ್ಬಳೇ ಮಹಡಿಯ ಮೇಲೆ ಮಲಗಿದ್ದಾಳೆ.

ಮಾರ್ಚ್ 18, ಮಂಗಳವಾರ

ಮಿರ್ಲಾಂಡ್ ಫೋನ್ ಮಾಡಿದಳು. ಉಳಿದ ನಾಲ್ವರನ್ನು ಅವಳೂ ಇನ್ನೊಬ್ಬಳೂ ಸೇರಿ ಬೆಳಗಿನ ಜಾವ ತಿರುಗಿಸಿ ನೋಡಿದ್ದಾರೆ. ಮೂವರು ಸರಿಯಿದ್ದಾರೆ. ಇಪ್ಪತ್ತೊಂದನೇ ರೂಮಿನವರಿಗೆ ಬೆನ್ನು ಕಪ್ಪಾಗಿದೆ, ಜ್ವರ ಬೇರೆ. ನರ್ಸಿಗೆ ಹೇಳಿದರೆ ಹೊಸ ಡಾಕ್ಟರು ನಾಳೆ ಬುಧವಾರ ಬರುತ್ತಾರೆ ಅಂದಳಂತೆ. ನಾಳೆಯವರೆಗೆ ಕಾಯಬೇಡ, ಈಗಲೇ ಆಂಬುಲೆನ್ಸ್ ಕರಿ, ಯಾರನ್ನೂ ಕೇಳಬೇಡ ಅಂದೆ. ಕೆಲಸ ಹೋಗುತ್ತದೆ ಅಂದಳು. ಹೋಗುತ್ತದೆ ಅಂದೆ. ಹತ್ತು ನಿಮಿಷದ ಮೇಲೆ, ಕರೆದೆ ಎಂದು ಮೆಸೇಜು ಬಂತು.

ಆಮೇಲೆ ರಾಜ್ಯದ ಆರೋಗ್ಯ ಇಲಾಖೆಯ ದೂರಿನ ನಂಬರಿಗೆ ಫೋನ್ ಮಾಡಿದೆ. ಮೂವತ್ತೈದು ನಿಮಿಷ ಕಾಯಿಸಿದರು. ಕೊನೆಗೆ ಲೈನಿಗೆ ಬಂದ ಹೆಂಗಸಿನ ದನಿಯಲ್ಲಿ ಆಯಾಸವಿತ್ತು.

"ದೂರು ಯಾವ ರೋಗಿಯ ಬಗ್ಗೆ?"

ಒಂದಕ್ಕಿಂತ ಹೆಚ್ಚು ಜನರ ಬಗ್ಗೆ ಅಂದೆ. ಐದನೇ ರೂಮು, ಒಂಬತ್ತು, ಹದಿನೇಳು, ಇಪ್ಪತ್ತೊಂದು. ಹೆಸರು, ಗಾಯ ಎಲ್ಲಿ, ಎಷ್ಟು ಆಳ, ಎಲ್ಲ ಕಾಗದದಲ್ಲಿ ಬರೆದಿಟ್ಟುಕೊಂಡಿದ್ದೆ.

"ನೀವು ಅವರಿಗೆ ಏನಾಗಬೇಕು? ಸಂಬಂಧಿಕರೇ?"

"ಅವರ ಡಾಕ್ಟರು. ನಿನ್ನೆಯವರೆಗೆ."

ಆಕೆ ಟೈಪು ಮಾಡುವುದನ್ನು ನಿಲ್ಲಿಸಿದಳು. "ಹಾಗಿದ್ದರೆ ಇದು ನಿಮಗೆ ಯಾವಾಗಿನಿಂದ ಗೊತ್ತು, ಡಾಕ್ಟರ್?"

ನೋಡಿದ್ದು ನಿನ್ನೆ ಅಂದೆ. ನಾತ ಬರುತ್ತಿದ್ದದ್ದು ಡಿಸೆಂಬರಿನಿಂದ.

ಮತ್ತೆ ಟೈಪು ಮಾಡುವ ಸದ್ದು ಕೇಳಿಸಿತು. ಅದನ್ನೂ ಬರೆದುಕೊಂಡಳು.

"ಸರಿ, ಮೊದಲನೆಯವರ ಪೂರ್ತಿ ಹೆಸರು ಹೇಳಿ," ಅಂದಳು. ಹೇಳಿದೆ.